ಮಾರಿ ಊರಿನ ದೇವರ ಬನಕ್ಕೆ ಕರೆದಿದ್ದಾರೆ. ಏನು ಒಯ್ಯಲಿ, ಹೇಗಿರಲಿ?

ಹಿಮದಲ್ಲಿ ಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ನಾನು ರಷ್ಯಾದ ಯೋಷ್ಕರ್-ಓಲಾದಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಹಾಸ್ಟೆಲ್ಲಿನ ಬಾಗಿಲಲ್ಲಿ ಕೂತು ಪಾಸ್ ನೋಡುವ ಒಬ್ಬರು ವಾಖ್ತ್ಯೋರ್ಷಾ ಅಜ್ಜಿ ಇದ್ದಾರೆ. ಮೊದಲ ವರ್ಷ ಪೂರ್ತಿ ಅವರಿಂದ ಬೈಸಿಕೊಂಡಿದ್ದೇ ಆಯ್ತು. ರಾತ್ರಿ ಹನ್ನೊಂದರ ಮೇಲೆ ಬಂದರೆ ಬಾಗಿಲೇ ತೆಗೆಯುತ್ತಿರಲಿಲ್ಲ. ಈ ಚಳಿಗಾಲ ನಾನು ಜ್ವರ ಬಂದು ಮಲಗಿದ್ದಾಗ ಒಂದು ಸಣ್ಣ ಬಾಟಲಿಯಲ್ಲಿ ಲಿಂಡನ್ ಹೂವಿನ ಜೇನು ತಂದುಕೊಟ್ಟರು. ಅಲ್ಲಿಂದ ಶುರು ನಮ್ಮ ದೋಸ್ತಿ.

ಆಮೇಲೆ ಗೊತ್ತಾಯ್ತು, ಅವರು ರಷ್ಯನ್ ಅಲ್ಲ, ಮಾರಿ ಜನ ಅಂತ. ಈಗ ಅವರನ್ನು 'ಕೊವಾ' ಅಂತ ಕರೀತೀನಿ. ಮಾರಿ ಭಾಷೆಯಲ್ಲಿ ಅಜ್ಜಿ ಅಂತ ಅರ್ಥ. 'ತಾವ್' ಅಂದರೆ ಥ್ಯಾಂಕ್ಸ್, ಅದೂ ಬರುತ್ತೆ. ಅಷ್ಟೇ ನನ್ನ ಮಾರಿ ಭಾಷೆ.

ಜೂನ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಅವರ ಹಳ್ಳಿಗೆ ಬಾ ಅಂತ ಕರೆದಿದ್ದಾರೆ. ಮೊರ್ಕಿ ಕಡೆಯ ಊರು. ಮೊದಲು ಮನೆಯಲ್ಲಿ 'ಸೆಮಿಕ್' ಅಂತ ಹಬ್ಬ, ಎರಡು ದಿನ ಬಿಟ್ಟು ಕಾಡಿನಲ್ಲಿ ಪೂಜೆಯಂತೆ. ನನ್ನ ಪ್ರಶ್ನೆಗಳು: ಹೊರಗಿನವರು ಆ ಕಾಡಿಗೆ ಹೋಗಬಹುದಾ? ಏನು ತಗೊಂಡು ಹೋಗಬೇಕು? ಅಲ್ಲಿ ಬಾತುಕೋಳಿ, ಕುರಿ ಕಡೀತಾರಂತೆ, ನಾನು ಸಸ್ಯಾಹಾರಿ. ಏನೂ ತಿನ್ನದೆ ಕೂತರೆ ಅವಮಾನ ಆಗುತ್ತಾ? ನೆಟ್‌ನಲ್ಲಿ ಕನ್ನಡದಲ್ಲಿ 'ಮಾರಿ' ಅಂತ ಹುಡುಕಿದರೆ ಬರೀ ಮಾರಮ್ಮನ ಜಾತ್ರೆ ಬರುತ್ತಿದೆ! ಗೊತ್ತಿರುವವರು ದಯವಿಟ್ಟು ಹೇಳಿ.

ಕೊಕ್ಷಗಾ ದಡ:

ತಂಗಿ, ನಿನ್ನ ಪೋಸ್ಟ್ ನೋಡಿ ನನಗೆ ಆ ಹಾಸ್ಟೆಲ್ ಬಾಗಿಲಿನ ವಾಸನೆಯೇ ನೆನಪಾಯ್ತು. ಒದ್ದೆ ಬೂಟು, ಎಲೆಕೋಸಿನ ಸೂಪು. ನಾನೂ ಅದೇ ಊರಲ್ಲಿ ಆರು ವರ್ಷ ಓದಿದವಳು. ಕೊನೆಯ ಮೂರು ಬೇಸಿಗೆ ಮಾರಿ ಹಳ್ಳಿಯಲ್ಲೇ ಕಳೆದೆ. ಗೊತ್ತಿರೋದನ್ನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸೈರಿಸಿಕೋ.

ಮೊದಲು ಹೆಸರು. ಮಾರಮ್ಮನಿಗೂ ಇವರಿಗೂ ಏನೂ ಸಂಬಂಧ ಇಲ್ಲ. ಅವರ ಭಾಷೆಯಲ್ಲಿ 'ಮಾರಿ' ಅಂದರೆ ಮನುಷ್ಯ, ಗಂಡಸು. ರಷ್ಯನ್ನರು ಹಿಂದೆ 'ಚೆರೆಮಿಸ್' ಅನ್ನುತ್ತಿದ್ದರು. ಆ ಹೆಸರನ್ನು ನಿನ್ನ ಕೊವಾ ಮುಂದೆ ಮಾತ್ರ ಎತ್ತಬೇಡ. ಭಾಷೆ ಫಿನ್ನಿಶ್‌ಗೆ ದೂರದ ನೆಂಟ. ದೇವರಿಗೆ ಇವರು 'ಯುಮೊ' ಅಂದರೆ ಫಿನ್ನರು 'ಯುಮಾಲಾ' ಅಂತಾರೆ. ಕೈಗೆ ಇಲ್ಲಿ 'ಕಿದ್', ಅಲ್ಲಿ 'ಕ್ಯಾಸಿ'. ವೋಲ್ಗಾ ನದಿಯ ಎಡಗಡೆ ಇರೋರು ಹುಲ್ಲುಗಾವಲಿನ ಮಾರಿ, ಬಲದಂಡೆಯ ಗುಡ್ಡದ ಮೇಲಿರೋರು ಗುಡ್ಡದ ಮಾರಿ. ಇನ್ನೊಂದು ದೊಡ್ಡ ಗುಂಪು ಪೂರ್ವದಲ್ಲಿ ಬಾಷ್ಕೊರ್ತೊಸ್ತಾನ್‌ನಲ್ಲಿದೆ. ನಿನ್ನ ಕೊವಾ ಮೊರ್ಕಿಯವರು ಅಂದರೆ ಹುಲ್ಲುಗಾವಲಿನವರು.

ಈಗ ಬನದ ವಿಷಯ. ಅದನ್ನು ಕಾಡು ಅನ್ನಬೇಡ. ಕಾಡಿಗೆ ಅವರಲ್ಲಿ 'ಚೊದ್ರಾ' ಅಂತ ಬೇರೆ ಮಾತಿದೆ. ಇದು 'ಕ್ಯುಸೊತೊ', ದೇವರ ಬನ. ಹೊಲಗಳ ನಡುವೆ ಒಂದು ದ್ವೀಪದ ಹಾಗೆ ನಿಂತಿರುತ್ತೆ, ಓಕ್, ಲಿಂಡನ್, ಬರ್ಚ್, ಸ್ಪ್ರೂಸ್. ಸುತ್ತ ಟ್ರ್ಯಾಕ್ಟರ್ ಓಡಾಡಿದ್ದರೂ ಅದರೊಳಗೆ ಒಂದು ಕೊಂಬೆ ಮುರಿದಿರಲ್ಲ. ಮಾರಿ ಎಲ್‌ನಲ್ಲಿ, ಅಂದರೆ ಯೋಷ್ಕರ್-ಓಲಾ ಇರುವ ಮಾರಿಗಳ ಗಣರಾಜ್ಯದಲ್ಲಿ, ಇಂಥ ಬನಗಳು ನೂರಾರಿವೆ. ಒಂದೊಂದು ದೇವರಿಗೆ ಒಂದೊಂದು ಮರ. ಆ ಮರವನ್ನು 'ಒನಾಪು' ಅಂತಾರೆ. ಎಲ್ಲರಿಗಿಂತ ಮೇಲೆ 'ಓಶ್ ಕುಗು ಯುಮೊ', ಬಿಳಿಯ ದೊಡ್ಡ ದೇವರು. ಗುಡಿ ಇಲ್ಲ, ಮೂರ್ತಿ ಇಲ್ಲ. ಮರವೇ ಎಲ್ಲ.

ಹೊರಗಿನವಳು ನೀನು ಹೋಗಬಹುದು, ಕರೆದವರ ಜೊತೆಗೆ ಹೋದರೆ. ಒಬ್ಬಳೇ ಕ್ಯಾಮೆರಾ ಹಿಡಿದು ಹೋಗಬೇಡ. ಹಿಂದಿನ ರಾತ್ರಿ 'ಮೊಂಚಾ'ದಲ್ಲಿ, ಅಂದರೆ ಹಿತ್ತಲಿನ ಹಬೆಮನೆಯಲ್ಲಿ ಸ್ನಾನ ಮಾಡಲೇಬೇಕು. ಒಗೆದ ಬಟ್ಟೆ, ಬಿಳಿಯದಾದರೆ ಒಳ್ಳೆಯದು. ಕಪ್ಪು ಬೇಡವೇ ಬೇಡ. ತಲೆಗೆ ಬಟ್ಟೆ ಕಟ್ಟಿಕೋ. ಮುಟ್ಟಾಗಿದ್ದರೆ ಬನದೊಳಗೆ ಹೋಗುವ ಹಾಗಿಲ್ಲ. ಇದನ್ನು ನಿನ್ನ ಹತ್ತಿರ ಯಾರೂ ಬಾಯಿಬಿಟ್ಟು ಹೇಳದೇ ಇರಬಹುದು, ಅದಕ್ಕೇ ನಾನೇ ಹೇಳ್ತಿದ್ದೀನಿ. ಒಪ್ಪುತ್ತೀಯೋ ಬಿಡ್ತೀಯೋ ಬೇರೆ ಮಾತು, ಅವರ ಬನ, ಅವರ ನೇಮ. ಒಳಗೆ ಉಗಿಯೋದು, ಜೋರಾಗಿ ಮಾತಾಡೋದು, ಬೈಯೋದು, ಹೂವು ಹಣ್ಣು ಕೀಳೋದು ಯಾವುದೂ ಇಲ್ಲ. ನಾನು ಮೊದಲ ಸಲ ಹೋದಾಗ ಕಾಲ ಬಳಿ ಕಾಡುಸ್ಟ್ರಾಬೆರಿ ಕಂಡು ಕೈ ಚಾಚಿದೆ. ಪಕ್ಕದಲ್ಲಿದ್ದ ಆರೇಳು ವರ್ಷದ ಹುಡುಗ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಒಂದು ಮಾತೂ ಆಡಲಿಲ್ಲ. ಆ ಹಣ್ಣು ಇವತ್ತೂ ಅಲ್ಲೇ ಇದೆ ಅನ್ನೋ ಹಾಗೆ ನನ್ನ ಕಣ್ಣಲ್ಲಿದೆ.

ಒಯ್ಯಬೇಕಾದ್ದು: ಮೇಣದ ಬತ್ತಿ, ಜೇನುಮೇಣದ್ದು. ಅಂಗಡಿಯ ಪ್ಯಾರಾಫಿನ್ ಬತ್ತಿಗೆ ಹಿರಿಯರು ಮುಖ ಸಿಂಡರಿಸುತ್ತಾರೆ. ಹೊಸ ಟವೆಲ್ಲೋ ಬಿಳಿ ಬಟ್ಟೆಯೋ ಒಂದು. ಸ್ವಲ್ಪ ರೂಬಲ್ ಚಿಲ್ಲರೆ. ಮನೆಯಲ್ಲಿ ಸುಟ್ಟ ರೊಟ್ಟಿ ಕೊವಾ ಮನೆಯಿಂದಲೇ ಬರುತ್ತೆ, ಅದರ ಚಿಂತೆ ನಿನಗೆ ಬೇಡ.

ಪೂಜೆ ಅಂದೆ ಅಲ್ವಾ, ಅವರ ಮಾತು 'ಕುಮಾಲ್ತಿಶ್'. ಸಿನಿಮಾದಲ್ಲಿ ತೋರಿಸೋ ಥರ ಡೋಲು, ಕುಣಿತ ಅಂದುಕೊಂಡು ಹೋಗಬೇಡ. ಮುಕ್ಕಾಲು ಪಾಲು ಅದು ಅಡುಗೆ! ಬೆಳಗ್ಗೆ ಬೆಂಕಿ ಹಾಕ್ತಾರೆ. ಮರದ ಮುಂದೆ ಸ್ಪ್ರೂಸ್ ಕೊಂಬೆ ಹಾಸಿ ಅದರ ಮೇಲೆ ರೊಟ್ಟಿ, ಬ್ಲಿನಿ (ದೋಸೆಯಂಥದ್ದು), ಜೇನು, ಕ್ವಾಸ್ (ರೊಟ್ಟಿ ಹುಳಿಸಿ ಮಾಡೋ ಪಾನೀಯ) ಸಾಲಾಗಿ ಇಡ್ತಾರೆ. ಪೂಜಾರಿಯನ್ನು 'ಕಾರ್ತ್' ಅಂತಾರೆ. ತಾತಾರ್ ಭಾಷೆಯಲ್ಲಿ ಅದಕ್ಕೆ ಮುದುಕ ಅಂತ ಅರ್ಥ, ಅಲ್ಲಿಂದ ಬಂದ ಮಾತು. ಬಿಳಿ ಅಂಗಿ, ಬಿಳಿ ಉಣ್ಣೆಯ ಎತ್ತರದ ಟೋಪಿ. ವಾರದ ಉಳಿದ ದಿನ ಅವರು ಟ್ರ್ಯಾಕ್ಟರ್ ಓಡಿಸೋರೋ ನಿವೃತ್ತ ಮೇಷ್ಟ್ರೋ ಆಗಿರ್ತಾರೆ.

ಬಲಿ ಕೊಡುವ ಮೊದಲು ಪ್ರಾಣಿಯ ಬೆನ್ನ ಮೇಲೆ ತಣ್ಣೀರು ಸುರೀತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿದ ಅಂತ. ಕೊಡವದಿದ್ದರೆ ಮತ್ತೆ ಸುರೀತಾರೆ, ಕಾಯ್ತಾರೆ. ನಮ್ಮ ಕಡೆಯವರು ಇದನ್ನು ಓದಿ 'ಅರೆ!' ಅನ್ನಬಹುದು. ನಾನೂ ಅಂದಿದ್ದೆ. ಆಮೇಲೆ ದೊಡ್ಡ ಹಂಡೆಗಳಲ್ಲಿ ಬೇಯೋದಕ್ಕೆ ಮೂರ್ನಾಲ್ಕು ಗಂಟೆ. ಈ ನಡುವಿನ ಹೊತ್ತೇ ನನಗೆ ಇಷ್ಟ. ಹೆಂಗಸರು ಮೆಲ್ಲಗೆ ಮಾತಾಡ್ತಾ ಕೂರ್ತಾರೆ, ಗಂಡಸರು ಬೆಂಕಿ ನೋಡ್ಕೋತಾರೆ, ಮಕ್ಕಳು ಅಲ್ಲೇ ನಿದ್ದೆ ಹೋಗ್ತಾರೆ. ಬೆಂದ ಮೇಲೆ ಕಾರ್ತ್ ಮರದ ಕಡೆ ತಿರುಗಿ ಪ್ರಾರ್ಥನೆ ಶುರು ಮಾಡ್ತಾರೆ. ಪುಸ್ತಕ ಇಲ್ಲ, ಬಾಯಿಪಾಠ. ಎಲ್ಲರೂ ಮಂಡಿಯೂರಿ ಕೂತಿರ್ತಾರೆ. ಸೊಳ್ಳೆ ಕಚ್ಚುತ್ತೆ, ಮಂಡಿ ನೋಯುತ್ತೆ. ಕೇಳೋದು ಏನು ಗೊತ್ತಾ? ಮಳೆ, ಬೆಳೆ, ಜೇನು, ದನ, ಮಕ್ಕಳು, ಮನೆಯಲ್ಲಿ ಸಮಾಧಾನ. ದೇವರ ಪಾಲನ್ನು ಬೆಂಕಿಗೆ ಹಾಕ್ತಾರೆ, ಮೇಲಕ್ಕೆ ತಲುಪಿಸೋದು ಬೆಂಕಿಯ ಕೆಲಸ. ಮಿಕ್ಕಿದ್ದು ಎಲ್ಲರಿಗೂ ಊಟ. ಮೂಳೆಯನ್ನೂ ಎಸೆಯಲ್ಲ, ಅದನ್ನೂ ಬೆಂಕಿಗೇ.

ನೀನು ಸಸ್ಯಾಹಾರಿ ಅನ್ನೋದನ್ನು ಹಳ್ಳಿಗೆ ಹೋಗುವ ಮೊದಲೇ ಕೊವಾಗೆ ಹೇಳಿಬಿಡು. ಗಂಜಿಯೂ ಆ ಮಾಂಸದ ಸಾರಿನಲ್ಲೇ ಬೇಯುತ್ತೆ, ಅದು ಗೊತ್ತಿರಲಿ. ರೊಟ್ಟಿ, ಜೇನು, ಬ್ಲಿನಿ ತಿನ್ನು, ಯಾರೂ ಏನೂ ಅನ್ನಲ್ಲ. ರೊಟ್ಟಿಯನ್ನು ಮಾತ್ರ ಬೇಡ ಅನ್ನಬೇಡ. ಇನ್ನೊಂದು, 'ಕೊಮಾನ್ ಮೆಲ್ನಾ' ಮಾಡಿಸಿಕೊಂಡು ತಿನ್ನದೆ ವಾಪಸ್ ಬರಬೇಡ. ಮೂರು ಪದರದ ಬ್ಲಿನಿ ಅದು. ಮೊದಲು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಹಾಳೆ ಬೇಯಿಸಿ, ಅದರ ಮೇಲೆ ಓಟ್ಸ್ ಹಿಟ್ಟು ಹಚ್ಚಿ ಮತ್ತೆ ಒಲೆಗೆ, ಅದರ ಮೇಲೆ ಹುಳಿ ಹಾಲಿನಲ್ಲಿ ನೆನೆಸಿದ ನುಚ್ಚು ಹಚ್ಚಿ ಮತ್ತೆ ಒಲೆಗೆ. ಬಿಸಿ ಇರುವಾಗಲೇ ಬೆಣ್ಣೆ. ಮೊಟ್ಟೆ ಬೀಳಬಹುದು, ಕೇಳಿಕೋ.

ಉಫಾದ ಹುಡುಗ:

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ನಾನು ಬಾಷ್ಕೊರ್ತೊಸ್ತಾನ್‌ನ ಉಫಾದಲ್ಲಿದ್ದೇನೆ. ಇಲ್ಲಿ ಮಿಷ್ಕಿನೊ ಜಿಲ್ಲೆ ಕಡೆ ಹೋದರೆ ಊರಿಗೆ ಊರೇ ಮಾರಿ. 1552ರಲ್ಲಿ ರಷ್ಯನ್ನರು ತಾತಾರರ ರಾಜಧಾನಿ ಕಜಾನ್ ಗೆದ್ದ ಮೇಲೆ ವೋಲ್ಗಾ ದಡದಲ್ಲಿ ದಶಕಗಟ್ಟಲೆ ದಂಗೆ, ಯುದ್ಧ. ತೆರಿಗೆ, ಬಲವಂತದ ಬ್ಯಾಪ್ಟಿಸಮ್ ತಪ್ಪಿಸಿಕೊಳ್ಳಲು ಗುಂಪು ಗುಂಪಾಗಿ ಪೂರ್ವಕ್ಕೆ ಬಂದವರ ವಂಶ ಇವರು. ಅದಕ್ಕೇ ಇಲ್ಲಿ ಬಹಳ ಜನ ಚರ್ಚಿನ ಮುಖವನ್ನೇ ನೋಡಿಲ್ಲ. ತಮ್ಮನ್ನು 'ಚಿಮಾರಿ' ಅಂತಾರೆ, ಅಪ್ಪಟ ಮಾರಿ ಅಂತ. ಇವರ ಪವಿತ್ರ ದಿನ ಶುಕ್ರವಾರ. ಅದಕ್ಕೆ ಹೆಸರು 'ಕುಗಾರ್ನ್ಯಾ'. ನನ್ನ ಮನೆ ಓನರ್ ಶುಕ್ರವಾರ ಬಟ್ಟೆ ಒಗೆಯೋಕೆ ಬಿಡಲ್ಲ. ವಾಷಿಂಗ್ ಮೆಷಿನ್ ಹಾಕೋಣ ಅಂದ್ರೂ ಇಲ್ಲ!

ಸೂಜಿಮೊನೆ:

ನಾನು ರಷ್ಯಾಕ್ಕೆ ಹೋದವಳಲ್ಲ, ಕಸೂತಿಯ ಹುಚ್ಚು ಅಷ್ಟೇ. ಮಲ್ಲಿಗೆ, ಅಲ್ಲಿ ಹಳೆಯ ಪೆಟ್ಟಿಗೆ ತೆಗೆದು ಬಟ್ಟೆ ತೋರಿಸಿದರೆ ದಯವಿಟ್ಟು ಒಳಮೈ ತಿರುಗಿಸಿ ನೋಡು. ಹಳೆಯ ಮಾರಿ ಕಸೂತಿಯನ್ನು ಬಟ್ಟೆಯ ಹಿಂಬದಿಯಿಂದ ಹಾಕ್ತಿದ್ದರು, ನೂಲಿನ ಎಳೆ ಎಣಿಸಿ. ಮೊದಲು ಕಪ್ಪು ದಾರದಲ್ಲಿ ಅಂಚು, ಆಮೇಲೆ ಒಳಗೆ ಗಾಢ ಕೆಂಪು ತುಂಬೋದು. ಗೀಟು ಹಾಕಿಕೊಳ್ಳೋದು ಇಲ್ಲ, ನಕ್ಷೆ ಇಲ್ಲ. ಹಿಂದಿನಿಂದ ಹಾಕುತ್ತಾ ಮುಂದೆ ಏನು ಬರುತ್ತಿದೆ ಅನ್ನೋದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು. ನಾನು ಫೋಟೊ ನೋಡಿ ಪ್ರಯತ್ನ ಮಾಡಿದೆ. ಅಂಗೈಯಷ್ಟು ಜಾಗಕ್ಕೆ ಹನ್ನೊಂದು ದಿನ ಹಿಡೀತು, ಅದರಲ್ಲೂ ಎರಡು ಎಳೆ ತಪ್ಪಿದೆ.

ಕಸೂತಿ ಎಲ್ಲಿ ಬರುತ್ತೆ ಅನ್ನೋದನ್ನೂ ಗಮನಿಸು. ಕತ್ತಿನ ಸೀಳು, ತೋಳಿನ ಬಾಯಿ, ಕೆಳಗಿನ ಅಂಚು. ಬಟ್ಟೆ ಎಲ್ಲೆಲ್ಲಿ ತೆರೆದುಕೊಳ್ಳುತ್ತೋ ಅಲ್ಲಲ್ಲೇ. ಕೆಟ್ಟದ್ದು ನುಗ್ಗೋದು ಬಾಗಿಲಿನಿಂದ ಅಲ್ವಾ, ಅದಕ್ಕೇ ಅಲ್ಲಿ ಕಾವಲು.

ನೇರಮಾತು:

ಎಲ್ಲರೂ ತುಂಬಾ ಭಾವುಕರಾಗಿದ್ದೀರಿ. ನಾನು ಕೆಲಸದ ಮೇಲೆ ಯೋಷ್ಕರ್-ಓಲಾಗೆ ಹೋಗಿದ್ದೆ, ಜೂನ್‌ನಲ್ಲೇ. ಹೂವಿನ ಹಬ್ಬ ಅಂತ ನಡೀತಿತ್ತು. ಸ್ಟೇಜು, ಮೈಕು, ಹೊಳೆಯುವ ಪಾಲಿಯೆಸ್ಟರ್ ಡ್ರೆಸ್ ಹಾಕಿದ ಹುಡುಗಿಯರು, ಕಬಾಬ್ ವಾಸನೆ. ಊರಲ್ಲಿ ನೋಡಿದರೆ ಮೀನು, ಪೇಪರ್ ಇಟ್ಟುಕೊಂಡು ಬೆಂಚಿನ ಮೇಲೆ ಕೂತ ಕಂಚಿನ ಬೆಕ್ಕು, ಹೊಳೆ ದಡದಲ್ಲಿ ಬೆಲ್ಜಿಯಂ ಥರ ಇಟ್ಟಿಗೆ ಮನೆಗಳು. 'ಯುರೋಪಿನ ಕೊನೆಯ ಪೇಗನ್ನರು' (ಕ್ರೈಸ್ತರಾಗದೆ ಹಳೆಯ ದೇವರನ್ನೇ ಪೂಜಿಸೋರು) ಅಂತ ಟೂರಿಸ್ಟುಗಳಿಗೆ ಮಾರೋಕೆ ಇದೆಲ್ಲ. ನಿಜವಾದ ಸಂಪ್ರದಾಯ ಸೋವಿಯತ್ ಕಾಲದಲ್ಲೇ ಮುಗಿದುಹೋಯ್ತು.

ಕೊಕ್ಷಗಾ ದಡ:

ಸರ್, ಅರ್ಧ ಒಪ್ತೀನಿ. ನೀವು ನೋಡಿದ್ದು 'ಪೆಲೆದಿಶ್ ಪೈರೆಮ್'. ಅದು ಹಳೆಯ ಹಬ್ಬವೇ ಅಲ್ಲ. 1920ರಲ್ಲಿ ಸೆರ್ನುರ್ ಅನ್ನೋ ಊರಲ್ಲಿ ಶುರುವಾದ ಹೊಸ ಕಾಲದ ಹಬ್ಬ. ಅದನ್ನು ನೋಡಿ ದೇವರ ಬನವನ್ನು ಅಳೆಯೋದು ಸರಿಯಲ್ಲ. ಆ ಬೆಕ್ಕಿನ ಮೂಗನ್ನು ಉಜ್ಜಿಯೇ ನಾವೆಲ್ಲ ಅನಾಟಮಿ ಪರೀಕ್ಷೆಗೆ ಹೋಗ್ತಿದ್ದೆವು, ಬೆಕ್ಕಿನ ಬಗ್ಗೆ ಮಾತ್ರ ಏನೂ ಅನ್ನಬೇಡಿ.

'ಕೊನೆಯ ಪೇಗನ್ನರು' ಅನ್ನೋ ಮಾತು ಕೇಳಿದರೆ ನನಗೂ ಮೈ ಉರಿಯುತ್ತೆ. ಅದು ಪತ್ರಿಕೆಯವರು ಅಂಟಿಸಿದ ಲೇಬಲ್ಲು. ಊರಲ್ಲಿ ನೋಡಿದರೆ ಲೆಕ್ಕ ಅಷ್ಟು ಸುಲಭ ಇಲ್ಲ. ನಾನು ಉಳಿಯುತ್ತಿದ್ದ ಮನೆಯಲ್ಲಿ ಮೂಲೆಯಲ್ಲಿ ಮೇರಿಯಮ್ಮನ ಐಕನ್ ಇತ್ತು. ಈಸ್ಟರಿಗೆ ಚರ್ಚಿಗೆ ಹೋಗ್ತಿದ್ದರು, ಬೇಸಿಗೆಯಲ್ಲಿ ಬನಕ್ಕೆ ಹೋಗ್ತಿದ್ದರು. ಎರಡರಲ್ಲಿ ಯಾವುದು ನಿಜ ಅಂತ ಕೇಳಿದೆ. ಮನೆಯಜ್ಜ ನನ್ನನ್ನು ದಡ್ಡಿ ಅನ್ನೋ ಹಾಗೆ ನೋಡಿ ಒಲೆಗೆ ಸೌದೆ ತುರುಕಿದರು, ಅಷ್ಟೇ.

ಮುಗಿದುಹೋಯ್ತು ಅನ್ನೋದಕ್ಕೆ ಮಾತ್ರ ಒಪ್ಪಲ್ಲ. ಮುಗಿಸೋಕೆ ನೋಡಿದವರು ಸೋವಿಯತ್ತಿನವರು ಒಬ್ಬರೇ ಅಲ್ಲ. ಮಾರಿಗಳ ಹಳೆಯ ವೀರ ಚುಂಬಿಲಾತ್ ಅಂತ. ಈಗಿನ ಕಿರೊವ್ ಪ್ರಾಂತ್ಯದಲ್ಲಿ ನೆಮ್ದಾ ನದಿ ದಡದ ಒಂದು ಬಂಡೆಗುಡ್ಡದಲ್ಲಿ ಅವನು ಮಲಗಿದ್ದಾನೆ ಅಂತ ನಂಬಿಕೆ. 1830ರ ಸುಮಾರಿಗೆ ಮಾಸ್ಕೋದ ಮಹಾಪಾದ್ರಿ ಫಿಲಾರೆತ್ ಹೇಳಿ ಆ ಬಂಡೆಗೆ ಮದ್ದು ಇಡಿಸಿದರು. ಬಂಡೆಯ ಒಂದು ಭಾಗ ಹಾರಿಹೋಯ್ತು. ಜನ ಇವತ್ತೂ ಅಲ್ಲಿಗೆ ಹೋಗಿ ಪ್ರಾರ್ಥನೆ ಮಾಡ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ 'ಕುಗು ಸೊರ್ತಾ', ಅಂದರೆ ದೊಡ್ಡ ಮೇಣದಬತ್ತಿ ಅನ್ನೋ ಪಂಥ ಹುಟ್ಟಿತು. ಅವರು ರಕ್ತದ ಬಲಿಯನ್ನೇ ಬಿಟ್ಟು ರೊಟ್ಟಿ, ಜೇನು, ಮೇಣದಬತ್ತಿ ಇಟ್ಟರು. (ಮಲ್ಲಿಗೆ, ನಿನ್ನ ಪಾರ್ಟಿ!)

ಮಾರಿ ಭಾಷೆಯ ಮೊದಲ ಕವಿತೆ ಅಂತ ಎಲ್ಲರೂ ಹೇಳೋದು ಸೆರ್ಗೇಯ್ ಚಾವೈನ್ 1905ರಲ್ಲಿ ಬರೆದ 'ಒತೊ'. ಹಾಗಂದರೆ ತೋಪು ಅಂತ. ಮೊದಲ ಕವಿತೆಯೇ ಮರಗಳ ಮೇಲೆ ನೋಡಿ. ಅವರು ಮೊರ್ಕಿ ಕಡೆಯವರೇ. 1937ರಲ್ಲಿ ಸ್ತಾಲಿನ್ ಕಾಲದ ಪೊಲೀಸರು ಅವರನ್ನು ಗುಂಡಿಟ್ಟು ಕೊಂದರು. ಆ ವರ್ಷ ಓದು ಬರಹ ಬಲ್ಲ ಮಾರಿಗಳ ಒಂದು ತಲೆಮಾರನ್ನೇ ಹೊಸಕಿಹಾಕಿದರು. ಕಾರ್ತ್‌ಗಳನ್ನೂ ಬಿಡಲಿಲ್ಲ. ಆಗೆಲ್ಲ ಊರಿನವರು ರಾತ್ರಿ ಹೊತ್ತು, ಹಂಡೆಯನ್ನು ಹುಲ್ಲಿನ ಗಾಡಿಯಲ್ಲಿ ಮುಚ್ಚಿಟ್ಟುಕೊಂಡು ಬನಕ್ಕೆ ಹೋಗ್ತಿದ್ದರಂತೆ. ಇದು ಆ ಮನೆಯಜ್ಜಿ ಹೇಳಿದ್ದು, ಹಂಡೆ ಕೂಡ ತೋರಿಸಿದರು. ಒಂದು ಕಿವಿ ಮುರಿದಿತ್ತು.

ನಿಜವಾದ ಅಪಾಯ ಬೇರೆ ಇದೆ ಸರ್. 2010ರ ಜನಗಣತಿಯಲ್ಲಿ ಮಾರಿಗಳು ಸುಮಾರು 5 ಲಕ್ಷ 47 ಸಾವಿರ. 2021ರಲ್ಲಿ ಸುಮಾರು 4 ಲಕ್ಷ 24 ಸಾವಿರ. ಮದ್ದು ಗುಂಡಿನ ಸದ್ದಿಲ್ಲದೆ ಇಷ್ಟು ಕಮ್ಮಿಯಾಗಿದೆ. ನಾನಿದ್ದ ಮನೆಯ ಮೊಮ್ಮಕ್ಕಳು ಅಜ್ಜಿಯ ಮಾತಿಗೆ ರಷ್ಯನ್‌ನಲ್ಲಿ ಉತ್ತರ ಕೊಡ್ತಿದ್ದರು.

ಸರಿ, ಬೇಜಾರಿನ ಮಾತು ಸಾಕು. ಮಲ್ಲಿಗೆ, ಜನವರಿಗೂ ಕರೆದರೆ ಬಿಡಬೇಡ, 'ಶೊರಿಕ್ಯೊಲ್'ಗೆ ಹೋಗು. ಕುರಿಕಾಲು ಅಂತ ಅರ್ಥ. ಮುಖವಾಡ ಹಾಕಿಕೊಂಡ ವಾಸ್ಲಿ ತಾತ, ವಾಸ್ಲಿ ಅಜ್ಜಿ ಅನ್ನೋ ಜೋಡಿ ಮನೆಮನೆಗೆ ಬಂದು ತಮಾಷೆ ಮಾಡುತ್ತೆ. ಮಕ್ಕಳು ಕೊಟ್ಟಿಗೆಗೆ ನುಗ್ಗಿ ಕುರಿಗಳ ಕಾಲು ಜಗ್ಗುತ್ತಾ 'ಅವಳಿ ಮರಿ ಹಾಕು' ಅಂತ ಹರಸ್ತಾರೆ. ಮದುವೆಯಾಗದ ಹುಡುಗಿಯರು ರಾತ್ರಿ ಕತ್ತಲ ಕೊಟ್ಟಿಗೆಯಲ್ಲಿ ತಡಕಾಡಿ ಒಂದು ಕುರಿಯ ಕಾಲು ಹಿಡಿದು ಅದಕ್ಕೆ ದಾರ ಕಟ್ಟಿ ಬರಬೇಕು. ಬೆಳಗ್ಗೆ ನೋಡಿದರೆ ಗಂಡ ಎಂಥವನು ಅಂತ ಗೊತ್ತಾಗುತ್ತೆ. ಎಳೆಯ ಕುರಿಯಾದರೆ ಎಳೆಯ ಗಂಡ, ಮುದಿಯಾದರೆ ಮುದುಕ. ನಾನು ಹೋಗಿ ಮೂರು ಸಲ ಬಿದ್ದು, ಸಗಣಿಯಲ್ಲಿ ಕೈ ಹಾಕಿ, ಕೊನೆಗೆ ಒಂದನ್ನು ಹಿಡಿದೆ. ಬೆಳಗ್ಗೆ ನೋಡಿದರೆ ಕೊಟ್ಟಿಗೆಯ ಅತಿ ಮುದಿ ಕುರಿ, ಒಂದು ಕಣ್ಣೂ ಮಂಜು. ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನನ್ನ ಗಂಡ ನನಗಿಂತ ಒಂಬತ್ತು ವರ್ಷ ದೊಡ್ಡವರು, ದಪ್ಪ ಕನ್ನಡಕ. ನಾನೇನೂ ಹೇಳಲ್ಲ.

ಹಿಮದಲ್ಲಿ ಮಲ್ಲಿಗೆ:

ಅಕ್ಕ, ಥ್ಯಾಂಕ್ಸ್ ಸಾಲದು. ಮುದಿ ಕುರಿ ಓದಿ ಲೈಬ್ರರಿಯಲ್ಲಿ ಜೋರಾಗಿ ನಕ್ಕು ಹೊರಗೆ ಹಾಕಿಸಿಕೊಂಡೆ. ಒಂದೇ ಒಂದು ಪ್ರಶ್ನೆ. ಸೆಮಿಕ್ ದಿನ ಸತ್ತವರು ಮನೆಗೆ ಬರ್ತಾರೆ ಅಂತ ಕೊವಾ ತುಂಬಾ ಸಾಮಾನ್ಯವಾಗಿ ಹೇಳಿದರು, 'ಬಸ್ಸು ಬರುತ್ತೆ' ಅನ್ನೋ ಥರ. ನಾನು ಅಲ್ಲಿ ಏನು ಮಾಡಬೇಕು? ಹೆದರಿಕೆ ಅಲ್ಲ. ಸ್ವಲ್ಪ ಹೆದರಿಕೆ.

ಕೊಕ್ಷಗಾ ದಡ:

ಹೆದರೋಕೆ ಏನಿಲ್ಲ ತಂಗಿ. ಅವರಿಗೆ ಅದು ನೆಂಟರು ಬಂದ ಹಾಗೆಯೇ. ಸೆಮಿಕ್ ಬರೋದು ಈಸ್ಟರ್ ಆಗಿ ಏಳನೇ ವಾರದ ಗುರುವಾರ. ಬಾಗಿಲು ಕಿಟಕಿಗೆ ರೋವನ್ ಅನ್ನೋ ಮರದ ಕೊಂಬೆ ಸಿಕ್ಕಿಸ್ತಾರೆ, ಮಾಟ ಮಾಡೋರು ಹತ್ತಿರ ಬರದಿರಲಿ ಅಂತ. ಮೊಂಚಾ ಕಾಯಿಸಿ, ಸತ್ತವರಿಗೂ ಬಿಸಿನೀರು, ಬರ್ಚ್ ಎಲೆಯ ಕಟ್ಟು ಇಟ್ಟು ಕರೀತಾರೆ. ನೀನು ಸ್ನಾನ ಮುಗಿಸಿ ಬರುವಾಗ ಹಂಡೆ ಪೂರ್ತಿ ಖಾಲಿ ಮಾಡಬೇಡ, ಗೊತ್ತಾಯ್ತಲ್ಲ.

ಸಂಜೆ ಬಾಗಿಲ ಹತ್ತಿರ ಒಂದು ಪಾತ್ರೆ ಇಡ್ತಾರೆ, ಅದರ ಅಂಚಿಗೆ ಸಣ್ಣ ಮೇಣದಬತ್ತಿಗಳು. ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಹಚ್ಚಿ, ತಿಂಡಿಯ ಚೂರು ಮುರಿದು ಪಾತ್ರೆಗೆ ಹಾಕಿ 'ಶುಜೊ' ಅಂತಾರೆ. 'ತಲುಪಲಿ' ಅಂತ ಅರ್ಥ. ಊಟ ಆದ ಮೇಲೆ ಪಾತ್ರೆಯಲ್ಲಿದ್ದದ್ದನ್ನು ಅಂಗಳದಲ್ಲಿ ನಾಯಿಗೆ ಹಾಕ್ತಾರೆ.

ಸತ್ತವರ ಬಗ್ಗೆ ಇವರ ಲೆಕ್ಕಾಚಾರ ಬಹಳ ಪಕ್ಕಾ. ಆ ಕಡೆ ನ್ಯಾಯ ಹೇಳೋನು 'ಕಿಯಾಮತ್ ತ್ಯೊರಾ'. ಅವನ ಹತ್ತಿರ ಹೋಗೋ ದಾರಿಗೆ ಹಳೆಯ ಕಾಲದಲ್ಲಿ ಶವದ ಜೊತೆ ಏನೇನು ಇಡ್ತಿದ್ದರು ಕೇಳು: ಕಡಿದಾದ ಬೆಟ್ಟ ಹತ್ತೋಕೆ ಕತ್ತರಿಸಿದ ಉಗುರು, ದಾರಿಯ ನಾಯಿಗಳನ್ನು ಓಡಿಸೋಕೆ ಕಾಡುಗುಲಾಬಿಯ ಮುಳ್ಳು ಕೊಂಬೆ. ನಲವತ್ತನೇ ದಿನ ಸತ್ತವರ ಬಟ್ಟೆಯನ್ನು ಬೇರೆ ಯಾರಾದರೂ ಹಾಕಿಕೊಂಡು ಮೇಲಿನ ಜಾಗದಲ್ಲಿ ಕೂರ್ತಾರೆ. ಅವತ್ತು ಅವರೇ ಆ ಸತ್ತವರು. ಮನೆಯವರು ಅವರಿಗೆ ಬಡಿಸ್ತಾರೆ, ಅವರ ಜೊತೆ ಮಾತಾಡ್ತಾರೆ, ಕುಣೀತಾರೆ. ಆಮೇಲೆ ಕಳಿಸಿಕೊಡ್ತಾರೆ. ಇದನ್ನು ನಾನು ಒಂದು ಸಲ ನೋಡಿದೆ. ಗಂಡನನ್ನು ಕಳೆದುಕೊಂಡ ಹೆಂಗಸು, ಅವನ ಕೋಟು ಹಾಕಿಕೊಂಡು ಕೂತಿದ್ದ ಪಕ್ಕದ ಮನೆಯವನ ಕಾಲರ್ ಸರಿ ಮಾಡಿದರು. ಸುಮ್ನೆ, ಅಭ್ಯಾಸ ಬಲದಿಂದ. ಆಮೇಲೆ ಕೈ ಹಿಂದಕ್ಕೆ ತಗೊಂಡರು.

ನೀನೇನೂ ಮಾಡಬೇಕಾಗಿಲ್ಲ. ಕೂರು ಅಂದಲ್ಲಿ ಕೂರು. ಹೋಗಿ ಬಂದು ಇಲ್ಲಿ ಬರಿ.

ಹಿಮದಲ್ಲಿ ಮಲ್ಲಿಗೆ:

ಬಂದೆ! ಬಸ್ಸಿನಲ್ಲಿ ಎರಡು ಗಂಟೆ, ಆಮೇಲೆ ಅವರ ಅಳಿಯನ ಹಳೆಯ ನೀವಾ ಕಾರಿನಲ್ಲಿ ಮಣ್ಣು ರಸ್ತೆ. ನನ್ನ ಬಿಳಿ ಚೂಡಿದಾರ ನೋಡಿ ಕೊವಾ ತಲೆ ಅಲ್ಲಾಡಿಸಿದರು. ತೆಳು ಬಟ್ಟೆ, ಸೊಳ್ಳೆ ತಿಂದುಹಾಕುತ್ತೆ ಅಂತ. ಪೆಟ್ಟಿಗೆಯಿಂದ ತಮ್ಮ ತಾಯಿಯ 'ತುವಿರ್' ತೆಗೆದು ಹಾಕಿಸಿದರು. ನಾರುಬಟ್ಟೆಯ ಉದ್ದ ಅಂಗಿ, ಎಷ್ಟು ಭಾರ ಅಂದ್ರೆ! ಸೂಜಿಮೊನೆ ಅವರೇ, ಒಳಮೈ ನೋಡಿದೆ. ಗಂಟೇ ಕಾಣಲ್ಲ. ಬಲತೋಳಿನಲ್ಲಿ ಒಂದು ಕಡೆ ಕೆಂಪು ಮುಗಿದು ಬೇರೆ ಕೆಂಪು ಶುರುವಾಗಿದೆ. ಯಾಕೆ ಅಂತ ಕೇಳಿದೆ. ಯುದ್ಧ ಬಂತು, ಬಣ್ಣದ ದಾರ ಸಿಗಲಿಲ್ಲ, ನಾಲ್ಕು ವರ್ಷ ಹಾಗೇ ಇಟ್ಟು ಆಮೇಲೆ ಮುಗಿಸಿದರಂತೆ.

ಬನದಲ್ಲಿ ಅಕ್ಕ ಹೇಳಿದ ಹಾಗೇ ಆಯ್ತು, ಬರೀ ಅಡುಗೆ, ಬರೀ ಕಾಯೋದು. ಬಾತುಗಳ ಹೊತ್ತಿಗೆ ನಾನು ಆ ಕಡೆ ತಿರುಗಿ ಕೂತೆ, ಯಾರೂ ಏನೂ ಅನ್ನಲಿಲ್ಲ. ಪ್ರಾರ್ಥನೆ ನಡುವೆ ಒಬ್ಬರು ಅಜ್ಜ 'ಕ್ಯುಸ್ಲೆ' ನುಡಿಸಿದರು, ತೊಡೆ ಮೇಲೆ ಇಟ್ಟುಕೊಂಡು ಮೀಟುವ ತಂತಿವಾದ್ಯ. ಎಷ್ಟು ಮೆಲ್ಲಗೆ ಅಂದರೆ ಬೆಂಕಿಯ ಚಟಚಟ ಅದಕ್ಕಿಂತ ಜೋರು. ನನ್ನ ಮಂಡಿ ಇನ್ನೂ ನೋಯುತ್ತಿದೆ. ಕೊಮಾನ್ ಮೆಲ್ನಾ ಐದು ತಿಂದೆ, ಮೊಟ್ಟೆ ಇಲ್ಲದ್ದು ನನಗಂತಲೇ ಬೇರೆ ಮಾಡಿದ್ದರು.

ಸೆಮಿಕ್ ಸಂಜೆಯದು ಹೇಳಬೇಕು. ಕೊವಾ ಹನ್ನೆರಡು ಬತ್ತಿ ಹಚ್ಚಿದರು. ಗಂಡ, ಅಪ್ಪ, ಅಮ್ಮ, ಯುದ್ಧಕ್ಕೆ ಹೋಗಿ ಬರದ ದೊಡ್ಡಪ್ಪ, ಹೆಸರಿಡುವ ಮೊದಲೇ ಹೋದ ಒಂದು ಮಗು. ಆಮೇಲೆ ನನ್ನ ಕಡೆ ತಿರುಗಿ 'ನಿನ್ನವರು?' ಅಂದರು. ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಹೋದ ವರ್ಷ ನಮ್ಮ ತಾತ ಹೋದಾಗ ನನಗೆ ಊರಿಗೆ ಹೋಗೋಕೆ ಆಗಿರಲಿಲ್ಲ, ಟಿಕೆಟ್ ಸಿಗಲಿಲ್ಲ, ವಿಡಿಯೊ ಕಾಲ್‌ನಲ್ಲೇ ನೋಡಿದ್ದು. ಹೆಸರು ಹೇಳಿದೆ, ವೆಂಕಟರಮಣಯ್ಯ. ಕೊವಾಗೆ ಬಾಯಿಗೆ ಬರಲಿಲ್ಲ. 'ವೆಂಕ... ವೆಂಕಟ್ರಾ...' ಅಂತ ಮೂರು ಸಲ ಪ್ರಯತ್ನ ಪಟ್ಟು, ಕೊನೆಗೆ ನನ್ನ ಕೈಗೇ ಬತ್ತಿ ಕೊಟ್ಟು 'ನೀನೇ ಕರಿ, ನಿನ್ನ ದನಿ ಅವರಿಗೆ ಗೊತ್ತು' ಅಂದರು. ಬ್ಲಿನಿ ಚೂರು ಮುರಿದು ಹಾಕಿ ಶುಜೊ ಅಂದೆ. ತಾತ ಮೊಟ್ಟೆ ಮುಟ್ಟುತ್ತಿರಲಿಲ್ಲ. ನನ್ನ ತಟ್ಟೆಯದನ್ನೇ ಹಾಕಿದೆ.

ನಿನ್ನೆ ಹಾಸ್ಟೆಲ್ಲಿಗೆ ವಾಪಸ್. ಗೆಳತಿಯರ ಜೊತೆ ಸುತ್ತಾಡಿ ರಾತ್ರಿ ಹನ್ನೊಂದೂ ಹತ್ತಕ್ಕೆ ಬಂದೆ. ಕೊವಾದೇ ಡ್ಯೂಟಿ. ಇನ್ನೇನು ನಮ್ಮವರೇ ಅಂದುಕೊಂಡು ನಗುತ್ತಾ ಬಾಗಿಲು ತಟ್ಟಿದೆ. ಹತ್ತು ನಿಮಿಷ ತೆಗೆಯಲಿಲ್ಲ. ತೆಗೆದ ಮೇಲೆ ಚೆನ್ನಾಗಿ ಬೈದರು. ಈ ಸಲ ರಷ್ಯನ್‌ನಲ್ಲಿ ಅಲ್ಲ, ಮಾರಿ ಭಾಷೆಯಲ್ಲಿ.